‘ಶಬ್ದ ಇಲ್ಲ, ಗ್ರಾಹಕರ ಭ್ರಮೆ’ ಎಂದು ಬರೆದ ಕೊಂಡಾಪುರದ ಮ್ಯಾನೇಜರರಿಗೆ

ಮಾನ್ಯರೇ,

ತಮಗೂ, ತಮ್ಮ ಸರ್ವೀಸ್ ಸೆಂಟರಿನ ಸಮಸ್ತ ಸಿಬ್ಬಂದಿಗೂ, ಐದು ಭೇಟಿಗಳಲ್ಲಿ ನನಗೆ ಒಂಬತ್ತು ಕಪ್ ಕಾಫಿ ಕೊಟ್ಟು ಒಮ್ಮೆಯೂ ಬುದ್ಧಿವಾದ ಹೇಳದ ತಮ್ಮ ಕಾಫಿ ಯಂತ್ರಕ್ಕೂ ನನ್ನ ಹೃತ್ಪೂರ್ವಕ ನಮಸ್ಕಾರಗಳು. ನಾನು ಇಂಗ್ಲಿಷಿನಲ್ಲಿ ಕಳಿಸಿದ ನಾಲ್ಕು ಮೇಲ್‌ಗಳಿಗೆ ತಮ್ಮ ಕಂಪ್ಯೂಟರು ಒಂದೇ ಉತ್ತರವನ್ನು ನಾಲ್ಕು ಸಲ ಕೊಟ್ಟಿದೆ. ತಾವು ಧಾರವಾಡ ಕಡೆಯವರೆಂದು ತಿಳಿದುಬಂದದ್ದರಿಂದ, ತಮ್ಮ ಕಂಪ್ಯೂಟರಿಗೆ ಓದಲು ಬಾರದ ಭಾಷೆಯಲ್ಲಿ ಬರೆದರೆ ತಾವೇ ಓದಬಹುದೆಂಬ ಆಸೆಯಿಂದ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಪ್ರತಿಯನ್ನು ನಮ್ಮ ಕನ್ನಡ ಸಂಘದ ಫಲಕಕ್ಕೂ ಅಂಟಿಸಲಾಗುವುದು.

ನನ್ನ ಪರಿಚಯವನ್ನು ತಾವು ಎಂದೂ ಕೇಳಲಿಲ್ಲವಾದ್ದರಿಂದ ನಾನೇ ಹೇಳಿಕೊಳ್ಳುತ್ತೇನೆ. ನಾನು ಉಷಾ, ರಾಯಚೂರಿನವಳು, ಅರವತ್ತೊಂದು ವರ್ಷ. ತಮ್ಮ ಸೆಂಟರಿರುವ ಈ ಊರಿನಲ್ಲೇ ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಗೇರ್‌ಬಾಕ್ಸುಗಳ ಶಬ್ದ ಕೇಳುವುದೇ ನನ್ನ ಕೆಲಸವಾಗಿತ್ತು. ನಾನು ಕೇಳಿ ಪಾಸು ಮಾಡಿದ ಗೇರ್‌ಬಾಕ್ಸುಗಳು ಎಂಥ ವಾಹನಕ್ಕೆ ಹೋದವು, ಆ ವಾಹನ ಯಾವ ಮರುಭೂಮಿಯಲ್ಲಿ ಓಡಿತು ಎಂಬುದನ್ನು ನಮಗೆ ಯಾರೂ ಹೇಳುತ್ತಿರಲಿಲ್ಲ. ಅದಕ್ಕೇ ನಿವೃತ್ತಿಯಾದ ಮೇಲೆ, ನಾನೇ ಕೈಯಾರೆ ಗೇರ್ ಹಾಕಿ ಓಡಿಸಬೇಕೆಂದು, ಎರಡೇ ಸೀಟಿನ ಒಂದು ಕೆಂಪು ಸೆಕೆಂಡ್‌ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಂಡೆ. ಮೊಮ್ಮಕ್ಕಳನ್ನು ಎಲ್ಲಿ ಕೂರಿಸುತ್ತೀರಿ ಎಂದು ಅಪಾರ್ಟ್‌ಮೆಂಟಿನವರು ಕೇಳಿದರು. ಎಲ್ಲಿಯೂ ಇಲ್ಲ ಎಂದೆ.

ಶಬ್ದ ಶುರುವಾದದ್ದು ಆಷಾಢದಲ್ಲಿ. ಸಿಗ್ನಲ್‌ನಲ್ಲಿ ಗಾಡಿ ನ್ಯೂಟ್ರಲ್‌ನಲ್ಲಿ ನಿಂತಿರುವಾಗ, ಒಣಗಿದ ಬೀಸುಕಲ್ಲು ತಿರುಗಿದಂತೆ ಒಂದು ಗೊರಗೊರ. ಕ್ಲಚ್ ಪೆಡಲ್ ಒತ್ತಿದರೆ ನಿಲ್ಲುತ್ತಿತ್ತು, ಬಿಟ್ಟರೆ ಮತ್ತೆ ಬರುತ್ತಿತ್ತು. ಈ ಒಂದೇ ಲಕ್ಷಣ ಸಾಕು. ಕ್ಲಚ್ ಒತ್ತಿದಾಗ ಯಾವ ಭಾಗ ತಿರುಗುವುದು ನಿಲ್ಲಿಸುತ್ತದೋ ದೋಷ ಅಲ್ಲಿರುತ್ತದೆ, ಎಂದರೆ ಎಂಜಿನ್ನಿನಿಂದ ಗೇರ್‌ಬಾಕ್ಸಿಗೆ ಹೋಗುವ ಮೊದಲ ಶಾಫ್ಟಿನ ಬೇರಿಂಗಿನಲ್ಲಿ. ಇದನ್ನು ಒಂದು ಚೀಟಿಯಲ್ಲಿ ಬರೆದು ತಮ್ಮ ಸಲಹೆಗಾರರಾದ ಸೃಜನ್ ಅವರ ಕೈಗೆ ಕೊಟ್ಟೆ. ಪುತ್ತೂರಿನ ಅವರು ಕನ್ನಡ ಕೇಳಿ ಸಂತೋಷಪಟ್ಟು, “ಮೇಡಂ, ಸ್ಪೋರ್ಟ್ಸ್ ಕಾರಿಗೆ ಸ್ವಲ್ಪ ಶಬ್ದ ಉಂಟು. ಅದು ನಾರ್ಮಲ್. ಆದರೂ ನೋಡುವ,” ಎಂದರು.

ತಾವು ನೋಡಿದ ರೀತಿಯನ್ನು ಎಷ್ಟು ಹೊಗಳಿದರೂ ಸಾಲದು. ಶಬ್ದವಿದ್ದ ಒಂದು ಜಾಗವನ್ನು ಮಾತ್ರ ಬಿಟ್ಟು ಉಳಿದ ಎಲ್ಲ ಕಡೆಯೂ ತಾವು ಹುಡುಕಿಸಿದಿರಿ. ಚಕ್ರಗಳನ್ನು ಅದಲು ಬದಲು ಮಾಡಿಸಿದಿರಿ, ಡಿಕ್ಕಿಯಲ್ಲಿದ್ದ ಜಾಕನ್ನು ಸ್ಪಂಜಿನಲ್ಲಿ ಸುತ್ತಿಸಿದಿರಿ, ಕಾಲಡಿಯ ಮ್ಯಾಟನ್ನು ಹೊಸದು ಹಾಕಿಸಿದಿರಿ. ಕೊನೆಗೆ ತಾವೇ ಸ್ಟಿಯರಿಂಗ್ ಹಿಡಿದು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಎ.ಸಿ. ಜೋರಾಗಿ ಹಾಕಿ, ಫ್ಲೈಓವರ್ ಕೆಳಗಿನ ಸಿಗ್ನಲ್‌ನಲ್ಲಿ ನಿಲ್ಲಿಸಿ, “ಕೇಳ್ರಿ ಮೇಡಂ, ಎಲ್ಲೈತಿ ಶಬ್ದ?” ಎಂದಿರಿ. ತಮ್ಮ ಎಡಗಾಲು ಕ್ಲಚ್ ಮೇಲೆಯೇ ಇತ್ತು. ಕಾಲು ತೆಗೆಯಿರಿ ಎಂದು ನಾನು ವಿನಂತಿಸಿದೆ. ತಾವು ನಕ್ಕು ಸಿಗ್ನಲ್ ಹಸಿರಾಗುವುದನ್ನೇ ನೋಡುತ್ತ ಕುಳಿತಿರಿ. ಸೆಂಟರಿಗೆ ವಾಪಸು ಬಂದು, ಅಲ್ಲಿ ಕಾಯುತ್ತಿದ್ದ ನಮ್ಮ ಯಜಮಾನರಾದ ಸೀತಾರಾಮ ಅವರಿಗೆ ಕಾರಿನ ವಿಷಯವನ್ನೆಲ್ಲ ವಿವರಿಸಿದಿರಿ. ಅವರಿಗೆ ಡ್ರೈವಿಂಗೇ ಬರುವುದಿಲ್ಲ ಎಂಬುದು ತಮಗೆ ಹೇಗೆ ತಿಳಿಯಬೇಕು?

ಐದನೇ ಭೇಟಿಯಲ್ಲಿ ಸೃಜನ್ ಅವರು ನನಗೆ, ಗಾಡಿಯ ದೂರು ಮತ್ತು ಮಾಡಿದ ಕೆಲಸ ಬರೆಯುವ ಜಾಬ್‌ಕಾರ್ಡನ್ನು ನಾಲ್ಕು ಮಡಿಕೆ ಮಾಡಿ, ಮುಖ ನೋಡದೆ ಕೊಟ್ಟರು. ಬಿಚ್ಚಿದರೆ ತಮ್ಮ ಅಕ್ಷರ: ‘ಶಬ್ದ ಇಲ್ಲ, ಗ್ರಾಹಕರ ಭ್ರಮೆ.’ ಕೆಳಗೆ ಸಹಿ. ಇಷ್ಟು ಕಡಿಮೆ ಪದಗಳಲ್ಲಿ ರೋಗವನ್ನು ಗಾಡಿಯಿಂದ ತೆಗೆದು ಮಾಲೀಕಳಿಗೆ ದಾಟಿಸಿದ ಮೆಕ್ಯಾನಿಕ್ಕರನ್ನು ನಾನು ಮೂವತ್ತೊಂದು ವರ್ಷದಲ್ಲಿ ಕಂಡಿರಲಿಲ್ಲ.

ಇಲ್ಲಿಂದ ಮುಂದೆ ನಡೆದದ್ದು ತಮಗೆ ತಿಳಿಯದು. ನಾನು ತಮ್ಮ ಮಾತನ್ನು ನಂಬಿಬಿಟ್ಟೆ. ಮನೆಯಲ್ಲಿ ಕೇಳಿದರೆ ನಮ್ಮವರೂ, “ಉಷಾ, ನನಗಂತೂ ಏನೂ ಕೇಳ್ಸವಲ್ದು,” ಎಂದರು. ಅಬಿಡ್ಸ್‌ನ ಕಿವಿಯ ಡಾಕ್ಟರ ಬಳಿ ಹೋದೆ. ಅವರು ನನ್ನನ್ನು ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಶಬ್ದ ಕೇಳಿದಾಗ ಗುಂಡಿ ಒತ್ತಿ ಎಂದರು. ಎಡಗಿವಿಯ ಪರೀಕ್ಷೆಯಲ್ಲಿ ಬಹಳ ಹೊತ್ತು ನಾನು ಗುಂಡಿ ಒತ್ತಲೇ ಇಲ್ಲ. ಹೊರಗೆ ಡಾಕ್ಟರು ಶಬ್ದ ಕಳಿಸುತ್ತಲೇ ಇದ್ದರು. ಅವರ ಕೈ ಆಡುವುದು ಗಾಜಿನಾಚೆ ಕಾಣುತ್ತಿತ್ತು. ಕಾರ್ಖಾನೆಯ ಗದ್ದಲ ಎಡಗಿವಿಯ ಸಣ್ಣ, ಕೀಚಲು ದನಿಗಳನ್ನು ತಿಂದುಹಾಕಿದೆ ಎಂದು ವರದಿ ಬಂತು. ಹನ್ನೆರಡು ದಿನ ನಾನು ಕಾರಿನ ಹೊದಿಕೆ ತೆಗೆಯಲಿಲ್ಲ. ಕಾರು ಹೋಗಲಿ, ಕಡೆಕಡೆಯ ವರ್ಷಗಳಲ್ಲಿ ಇದೇ ಕಿವಿಯಿಂದ ಕೇಳಿ ಎಷ್ಟು ಗೇರ್‌ಬಾಕ್ಸುಗಳಿಗೆ ಸಹಿ ಹಾಕಿದ್ದೆನೋ ಎಂದು ಎಣಿಸುತ್ತಿದ್ದೆ. ಅವುಗಳಲ್ಲಿ ಕುಳಿತಿದ್ದವರು ಯಾರು ಯಾರೋ.

ಹದಿಮೂರನೆಯ ದಿನ ನಮ್ಮವರು ತಾವೇ ಹೊದಿಕೆ ಎಳೆದು ಹಾಕಿ, “ನಡಿ, ವೀರಭದ್ರಪ್ಪನ ಕಡೆ ಹೋಗೂಣು. ನಿನ್ನ ಕಿವಿ ಕೆಟ್ಟಾವೋ ಗಾಡಿ ಕೆಟ್ಟೈತೋ, ಒಂದಾರ ಗೊತ್ತಾಗ್ಲಿ,” ಎಂದರು.

ವೀರಭದ್ರಪ್ಪ ನನ್ನ ಜೊತೆ ಕಾರ್ಖಾನೆಯಲ್ಲಿದ್ದವರು, ಈಗ ಜೀಡಿಮೆಟ್ಲಾದಲ್ಲಿ ಔಷಧ ಕಂಪನಿಗಳ ಹಿಂದಿನ ಓಣಿಯಲ್ಲಿ ಲೋಹ ಕಡೆಯುವ ಲೇತ್ ಯಂತ್ರ ಇಟ್ಟುಕೊಂಡಿದ್ದಾರೆ. ಅಲ್ಲಿ ಕಾಯುವ ಕೋಣೆ ಇಲ್ಲ, ಒಂದು ಸ್ಟೂಲಿದೆ. ಅವರು ಗಾಡಿಯ ಕೆಳಗೆ ಮಲಗಿ, ಮೊಳದುದ್ದದ ಉಕ್ಕಿನ ಸರಳಿನ ಒಂದು ತುದಿಯನ್ನು ಗೇರ್‌ಬಾಕ್ಸಿಗೂ ಇನ್ನೊಂದನ್ನು ಕಿವಿಯ ಹತ್ತಿರದ ಮೂಳೆಗೂ ಹಚ್ಚಿದರು. “ಕ್ಲಚ್ ಒತ್ರಿ ಅಕ್ಕಾರ. ಬಿಡ್ರಿ. ಮತ್ತ ಒತ್ರಿ.” ಆಮೇಲೆ ಹೊರಗೆ ಬಂದು ಸರಳನ್ನು ನನ್ನ ಕೈಗೆ ಕೊಟ್ಟರು.

“ಏನ್ರಿ, ಐತೋ ಇಲ್ಲೋ?” ಎಂದೆ.

“ನಾ ಹೇಳಂಗಿಲ್ರಿ. ನೀವ ಕೇಳ್ರಿ. ನಾ ಹೇಳಿದ್ರ ನನ್ನ ಕಿವಿ ನಂಬ್ತೀರಿ, ನಿಮ್ದಲ್ಲ.”

ಅವರು ಸೀಟಿಗೆ ಹೋದರು, ನಾನು ಸೀರೆಯ ಸೆರಗು ಸಿಕ್ಕಿಸಿಕೊಂಡು ಗೋಣಿಚೀಲದ ಮೇಲೆ ಮಲಗಿದೆ. ಬೇಕೆಂದೇ ಎಡಗಿವಿಗೆ ಸರಳು ಹಚ್ಚಿದೆ. ಕೆಟ್ಟಿದ್ದರೆ ಪೂರ್ತಿ ಗೊತ್ತಾಗಲಿ ಎಂದು. ಅವರು ಕ್ಲಚ್ ಬಿಟ್ಟರು. ಗೊರಗೊರ ಎಂಬ ಆ ದಪ್ಪ ದನಿ ಸರಳಿನಿಂದ ಮೂಳೆಗೆ, ಮೂಳೆಯಿಂದ ಹಲ್ಲಿನವರೆಗೂ ಬಂತು. ಡಾಕ್ಟರು ಹೇಳಿದ ಸಣ್ಣ ದನಿಗಳು ಹೋಗಿದ್ದವು ನಿಜ. ಕೆಟ್ಟ ಬೇರಿಂಗಿನ ದನಿ ಸಣ್ಣದಾಗಿರಲಿಲ್ಲ. ನಾನು ಅಲ್ಲಿಂದ ಬೇಗ ಏಳಲಿಲ್ಲ. ನಮ್ಮವರು ಬಗ್ಗಿ ನೋಡಿ, “ಎಣ್ಣಿ ಬಿತ್ತೇನು ಕಣ್ಣಾಗ?” ಎಂದು ಕೇಳಿದರು. ಹೂಂ ಎಂದೆ.

ಗೇರ್‌ಬಾಕ್ಸಿನ ಎಣ್ಣೆ ಇಳಿಸಿ ಅಯಸ್ಕಾಂತ ಅದ್ದಿದರೆ ಅದಕ್ಕೆ ಉಕ್ಕಿನ ಚೂರುಗಳ ಗಡ್ಡ ಬೆಳೆದಿತ್ತು. ಬಿಚ್ಚಿದಾಗ ಬೇರಿಂಗಿನ ಗುಂಡುಗಳನ್ನು ಹಿಡಿದಿಡುವ ಕಟ್ಟು ಎರಡು ಕಡೆ ಸೀಳಿತ್ತು. ಇನ್ನು ಸ್ವಲ್ಪ ದಿನ ಹೀಗೇ ಓಡಿಸಿದ್ದರೆ ಹೆದ್ದಾರಿಯಲ್ಲಿ ಗೇರ್‌ಬಾಕ್ಸು ಕಚ್ಚಿಕೊಂಡು ಹಿಂದಿನ ಗಾಲಿಗಳು ಇದ್ದಲ್ಲೇ ಬಿಗಿದು ನಿಲ್ಲಬಹುದಿತ್ತು. ಆ ತಿಂಗಳು ನಾವಿಬ್ಬರೂ ಬೀದರಿಗೆ ಹೊರಡುವವರಿದ್ದೆವು. ಹೊಸ ಬೇರಿಂಗ್ ಹಾಕಿದ ಮೇಲೆ ಹೋಗಿಬಂದೆವು. ದಾರಿಯುದ್ದಕ್ಕೂ ನಮ್ಮವರು ಮಾತಾಡಿದರು, ನಾನು ಅವರ ಮಾತೊಂದನ್ನೂ ಕೇಳದೆ ಗೇರ್‌ಬಾಕ್ಸಿನ ಮೌನವನ್ನು ಕೇಳಿದೆ.

ಮಾನ್ಯರೇ, ಈಗ ನನ್ನ ಕೋರಿಕೆಗಳು. ಇದರೊಂದಿಗೆ ನನ್ನ ಭ್ರಮೆಯನ್ನು ಒಂದು ಡಬ್ಬಿಯಲ್ಲಿ ಹಾಕಿ ಕಳುಹಿಸುತ್ತಿದ್ದೇನೆ. ತೂಕ ಸುಮಾರು ಮುಕ್ಕಾಲು ಕಿಲೋ. ತಮಗೆ ಬಂದ ಪ್ರಶಸ್ತಿ ಫಲಕಗಳ ಪಕ್ಕದಲ್ಲಿ ಅದಕ್ಕೊಂದು ಜಾಗ ಕೊಡಬೇಕು. ‘ನಾರ್ಮಲ್’ ಎಂಬ ಪದ ತಮ್ಮಲ್ಲಿ ಹಗಲಿರುಳು ದುಡಿದು ಬಳಲಿರುವುದರಿಂದ ಅದಕ್ಕೆ ಆರು ತಿಂಗಳ ವೇತನಸಹಿತ ರಜೆ ಮಂಜೂರು ಮಾಡಬೇಕು. ತಮ್ಮ ಎಡಗಾಲಿಗೆ, ಕ್ಲಚ್ಚಿನಿಂದ ಮೇಲೆದ್ದು ಜಗತ್ತಿನ ಶಬ್ದಗಳನ್ನು ಆಲಿಸುವ ಒಂದು ತರಬೇತಿಯನ್ನು ಏರ್ಪಡಿಸಬೇಕು. ಜಾಬ್‌ಕಾರ್ಡಿನ ಆ ಸಾಲನ್ನು ಮಾತ್ರ ಹೊಡೆದು ಹಾಕಬೇಡಿ; ಅದರ ಕೆಳಗೆ ಇನ್ನೊಂದು ಸಾಲು ಬರೆದು ಸಹಿ ಹಾಕಿ. ಏನು ಬರೆಯಬೇಕೆಂದು ನಾನು ಹೇಳಿಕೊಡುವುದಿಲ್ಲ.

ಎರಡೂ ಕಿವಿಗಳಿಂದ ತಮ್ಮ ವಿಶ್ವಾಸಿಯಾದ,
ಉಷಾ

ಮರೆತ ಮಾತು: ನಿನ್ನೆ ಹಳೆಯ ಕಾಗದಗಳಿಗಾಗಿ ಬಂದಾಗ, ಕಾರುಗಳನ್ನು ಮೇಲೆತ್ತುವ ತಮ್ಮ ಎರಡನೇ ಲಿಫ್ಟಿನ ಬಳಿ ಹತ್ತು ನಿಮಿಷ ನಿಂತಿದ್ದೆ. ಮೇಲೇರುವಾಗ ಅದರ ಎರಡೂ ಕಂಬಗಳಲ್ಲಿ, ಕಾರು ಕೆಳಗೆ ಜಾರದಂತೆ ತಡೆಯುವ ಕೊಂಡಿ ಬೀಳುವ ಟಕ್ ಶಬ್ದ ಒಂದೇ ಅಳತೆಯಲ್ಲಿ ಬರಬೇಕು. ಎಡಗಡೆಯದು ಮೂರಕ್ಕೊಮ್ಮೆ ತಪ್ಪುತ್ತಿದೆ. ಅದರ ಕೆಳಗೆ ತಮ್ಮ ಮೆಕ್ಯಾನಿಕ್ಕುಗಳು ನಿಂತು ಕೆಲಸ ಮಾಡುತ್ತಾರೆ. ಈ ಒಂದು ಮಾತನ್ನು ನಾನು ಅಣಕಕ್ಕೆ ಬರೆದಿಲ್ಲ. ಸೃಜನ್ ಅವರಿಗೆ ಅಲ್ಲೇ ಹೇಳಿದೆ. ಅವರು ಎದುರು ಮಾತಾಡದೆ ಕಾರನ್ನು ಕೆಳಗಿಳಿಸಿ, ಯಾರೂ ಬಳಸದಂತೆ ಲಿಫ್ಟಿನ ಸುತ್ತ ಹಗ್ಗ ಕಟ್ಟಿದ್ದಾರೆ. ಆ ಹಗ್ಗ ಬಿಚ್ಚಿಸುವ ಮನಸ್ಸು ತಮಗಾದರೆ, ಮೊದಲು ತಮ್ಮ ಸ್ವಂತ ಕಾರನ್ನು ಅದರ ಮೇಲೆ ಏರಿಸಿ, ಅದರ ಕೆಳಗೆ ತಾವೊಬ್ಬರೇ ನಿಂತುಕೊಳ್ಳಿ.