ಗುರುಲಿಂಗನ ಗುಲಾಬಿ ತೋಟ

"ದಸರಾ ಬರೋದ್ರಾಗ ಈ ಅಂಗಳಾನ ಗುಲಾಬಿ ತೋಟ ಮಾಡಲಿಲ್ಲಂದ್ರ ನನ್ನ ಹೆಸರು ಗುರುಲಿಂಗನ ಅಲ್ಲ!"

ತೆಲಂಗಾಣದ ಮಕ್ತಲ್ಲಿನ ಅಡತಿ ಅಂಗಡಿಯ ಗುಮಾಸ್ತ ಗುರುಲಿಂಗ ಹೀಗೆ ಗುಡುಗಿದಾಗ ಅವನ ಹೆಂಡತಿ ಗಂಗಾಂಬಿಕಾ ರೊಟ್ಟಿ ಬಡಿಯುತ್ತಿದ್ದಳು. "ಮೊದಲ ಹೆಗಲ ಮ್ಯಾಲಿನ ಟವೆಲ್ ಸರಿ ಮಾಡ್ಕೋರಿ, ಒಲಿಗೆ ಬೀಳ್ತೈತಿ" ಎಂದಳು.

ಗುಡುಗಲು ಕಾರಣವಿತ್ತು. ಮನೆ ಬಾಡಿಗೆಯದು. ಒಡತಿ ಅಮರಮ್ಮ ಇರುವುದು ಮರಿಕಲ್‌ನಲ್ಲಿ. ಹಿಂದಿನ ಬಾಡಿಗೆಯವರು ಅಂಗಳವನ್ನು ಜಾಲಿಗೂ ಹಾವಿಗೂ ಬಿಟ್ಟುಕೊಟ್ಟಿದ್ದರಿಂದ ಆಕೆ ರೋಸಿಹೋಗಿದ್ದಳು. "ದಸರಾ ಮುಂದ ಬತುಕಮ್ಮ ಹಬ್ಬದ ಮೊದಲ ದಿನ ಬರ್ತೀನಿ. ಅಂಗಳ ನೋಡೋ ಹಂಗಿದ್ರ ಇರ್ರಿ. ಇಲ್ಲಂದ್ರ ಗಂಟುಮೂಟಿ ಕಟ್ರಿ" ಎಂದು ಖಡಾಖಂಡಿತವಾಗಿ ಹೇಳಿ ಹೋಗಿದ್ದಳು. ಗಂಗಾಂಬಿಕೆಗೋ ಈ ಮನೆ ಬಿಡಲು ಸುತರಾಂ ಮನಸ್ಸಿಲ್ಲ. ತವರುಮನೆ ಪಕ್ಕದ ಓಣಿಯಲ್ಲೇ. ಇಲ್ಲಿ ಒಗ್ಗರಣೆ ಹಾಕಿದರೆ ಅಲ್ಲಿ ಅವಳ ತಾಯಿ ಸೀನುವಷ್ಟು ಹತ್ತಿರ!

ಮಾರನೆಯ ಬೆಳಿಗ್ಗೆಯೇ ಗುರುಲಿಂಗ ಸಲಿಕೆ ಹಿಡಿದು ಅಂಗಳಕ್ಕಿಳಿದ. ಬಾಗಿಲ ಪಕ್ಕದ ಮೂಲೆಯನ್ನು ವೀರಾವೇಶದಿಂದ ಅಗೆದ. ಗುಲಾಬಿ ಸಸಿ ನೆಟ್ಟ. ಸೊಂಟ ಹಿಡಿಯಿತು! ಬಾಗಿದವನು ಬಾಗಿದಂತೆಯೇ ಒಳಗೆ ಬಂದ.

"ಉಳಿದ ಜಾಗಾ ನನಗ ಬಿಡ್ರಿ, ನಾ ನೋಡ್ಕೋತೀನಿ" ಎಂದಳು ಗಂಗಾಂಬಿಕಾ.

"ಹೋಗಲಿ ಬಿಡು, ನಿನಗೂ ಒಂದೀಟು ಹೆಸರು ಬರಲಿ" ಎಂದು ಅವನು ದೊಡ್ಡ ಮನಸ್ಸು ಮಾಡಿದ.

ಅಂದಿನಿಂದ ಗುಲಾಬಿಗೆ ರಾಜೋಪಚಾರ! ದಿನವೂ ಬೆಳಿಗ್ಗೆ ಬೊಗಸೆ ತುಂಬ ಯೂರಿಯಾ, ಸಂಜೆ ಮತ್ತೊಂದು ಬೊಗಸೆ. "ಏನ್ರೀ, ಸುಟ್ಟುಹೋಗ್ತಾವ" ಎಂದು ಹೆಂಡತಿ ಹೇಳಿದರೆ, "ನಿನಗೇನ ಗೊತ್ತು, ಉಂಡಷ್ಟೂ ಬೆಳೀತಾವ!" ಎನ್ನುವ ಉತ್ತರ. ಅಂಗಡಿಯಲ್ಲಿ ಜೊತೆಗಾರ ವೀರಯ್ಯನ ಮುಂದೆ, "ದಸರಾ ಪೂಜಾಕ್ಕ ಹಾರ ಕೊಳ್ಳಾಕ ಹೋಗಬ್ಯಾಡ್ರಿ, ಗುಲಾಬಿ ನಮ್ಮ ಮನಿಂದಾನ ಬರ್ತಾವ" ಎಂದು ಎದೆಯುಬ್ಬಿಸಿ ಹೇಳಿಯೂ ಬಿಟ್ಟ.

ಗಂಗಾಂಬಿಕಾ ತನ್ನ ಪಾಲಿನ ಅಂಗಳದಲ್ಲಿ ಜಾಲಿ ಕಡಿದಳು, ಮುಳ್ಳು ಆರಿಸಿದಳು. ಆದರೆ ಒಂದು ಜಾತಿಯ ಕಳೆಯನ್ನು ಮಾತ್ರ ಮುಟ್ಟಲಿಲ್ಲ! ಮುಟ್ಟದಿದ್ದರೆ ಹಾಳಾಗಲಿ, ಅಕ್ಕಿ ತೊಳೆದ ನೀರನ್ನೂ ಅದಕ್ಕೇ ಸುರಿದಳು. ಅದು ಸೊಂಟದುದ್ದ ಬೆಳೆದು, ತುದಿಗೆಲ್ಲ ಬಿಳಿ ಕುಚ್ಚು ಬಿಟ್ಟು ಅಂಗಳ ತುಂಬಿ ನಿಂತಿತು. ಗುರುಲಿಂಗನ ಹೊಟ್ಟೆ ಉರಿದುಹೋಯಿತು. ಅವನ ಗುಲಾಬಿಯಲ್ಲಿ ಒಣಕಡ್ಡಿಗಳಷ್ಟೇ ಉಳಿದಿದ್ದವು.

ಬತುಕಮ್ಮದ ಮೊದಲ ದಿನ ಬಂದೇಬಿಟ್ಟಿತು. ಒಡತಿ ಬರುವ ಮೊದಲು ಆ ಕಳೆಯನ್ನಾದರೂ ಸವರಿ ಮಾನ ಉಳಿಸಿಕೊಳ್ಳೋಣವೆಂದು ಗುರುಲಿಂಗ ಕುಡುಗೋಲು ಎತ್ತಿದ. ಅಷ್ಟರಲ್ಲಿ ಗೇಟು ಸದ್ದಾಯಿತು. ನೋಡಿದರೆ ಓಣಿಯ ಹೆಂಗಸರೆಲ್ಲ ಬುಟ್ಟಿ ಹಿಡಿದು ನಿಂತಿದ್ದಾರೆ!

"ಅಣ್ಣಾ, ಹೂವು ಕೊಡ್ತೀರೇನ್ರೀ?" ಎಂದಳು ಮುಂದಿದ್ದ ಮೈಸಮ್ಮ.

ಗುರುಲಿಂಗನ ಮುಖ ಕೆಂಪಾಯಿತು. "ಗುಲಾಬಿ ಈ ಸಲ ಸ್ವಲ್ಪ..."

"ಗುಲಾಬಿ ಯಾರಿಗೆ ಬೇಕ್ರೀ? ಗುನುಗು ಹೂವು, ಆ ಬಿಳಿ ಕುಚ್ಚು! ಗುನುಗು ಇಲ್ದ ಬತುಕಮ್ಮ ಹೆಂಗ ಕಟ್ಟೋದು? ಹೊಲದ ಬದುವಿಗೆಲ್ಲ ಔಷಧಿ ಹೊಡದು ಎಲ್ಲೂ ಇಲ್ದಂಗ ಮಾಡ್ಯಾರ. ಅಯ್ಯ, ಆ ಕುಡುಗೋಲು ಕೆಳಗಿಡ್ರಿ ಮೊದಲ!"

ಕೃಷ್ಣೆಯಾಚೆಯ ರಾಯಚೂರಿನಿಂದ ಬಂದು ಇನ್ನೂ ವರುಷ ತುಂಬದ ಗುರುಲಿಂಗನಿಗೆ ಇದೇ ಮೊದಲ ಬತುಕಮ್ಮ. ತಟ್ಟೆಯ ಮೇಲೆ ಹೂವಿನ ಗೋಪುರ ಕಟ್ಟಿ, ಹೆಂಗಸರು ಸುತ್ತಲೂ ಚಪ್ಪಾಳೆ ತಟ್ಟಿ ಹಾಡುವ ಈ ಹಬ್ಬಕ್ಕೆ ತಾನು ಕಳೆ ಎಂದುಕೊಂಡದ್ದೇ ಜೀವಾಳವೆಂದು ಅವನಿಗೇನು ಗೊತ್ತು? ಆದರೆ ಗೊತ್ತಿರಲಿಲ್ಲವೆಂದು ಒಪ್ಪಿಕೊಂಡಾನೆಯೇ! ಕುಡುಗೋಲನ್ನು ಬೆನ್ನ ಹಿಂದೆ ಮರೆಮಾಡಿ, "ನಿಮಗಂತನ ಬೆಳಸೀವಿ. ತಗೋರಿ, ತಗೋರಿ!" ಎಂದು ಗೇಟು ತೆರೆದ.

ಹೆಂಗಸರು ಬುಟ್ಟಿ ತುಂಬಿಕೊಂಡರೂ ಅಂಗಳದ ಹೂವು ಮುಗಿಯಲಿಲ್ಲ. ಮಿಕ್ಕದ್ದರಲ್ಲಿ ಒಂದಿಷ್ಟು ಕೊಯ್ದು ಗಂಗಾಂಬಿಕಾ ಮೊಣಕಾಲೆತ್ತರದ ಬತುಕಮ್ಮ ಕಟ್ಟುತ್ತಿರುವಾಗಲೇ ಅಮರಮ್ಮ ಬಸ್ಸಿಳಿದು ಬಂದಳು. ಅಂಗಳ ನೋಡಿ ಆಕೆಯ ಕಣ್ಣು ತುಂಬಿದವು.

"ನಮ್ಮ ಅತ್ತಿ ಇದ್ದಾಗ ಹಿಂಗ ಹೂವು ಆಗ್ತಿದ್ವು. ಇನ್ನ ಮನಿ ಖಾಲಿ ಮಾಡೋ ಮಾತು ನನ್ನ ಬಾಯಾಗ ಬರಂಗಿಲ್ಲವ್ವ. ನಿಮಗ ಬೇಕಾದಷ್ಟು ವರ್ಷ ಇರ್ರಿ" ಎಂದಳು. ಗಂಗಾಂಬಿಕೆಗೆ ಹೋದ ಜೀವ ಬಂದಂತಾಯಿತು.

ಗುರುಲಿಂಗ ಮೀಸೆ ಮೇಲೆ ಕೈಯಾಡಿಸುತ್ತ ಮುಂದೆ ಬಂದ. "ಭಾಳ ದುಡದೀವ್ರಿ ಅಮರಮ್ಮಾರ. ಸೊಂಟ ಹೋಗೈತಿ ನೋಡ್ರಿ!"

ಅಮರಮ್ಮ ಮೆಚ್ಚಿ ತಲೆಯಾಡಿಸಿದಳು. ಆಮೇಲೆ ಬಾಗಿಲ ಪಕ್ಕದ ಬೋಳು ಮೂಲೆಯ ಕಡೆ ಬೆರಳು ತೋರಿಸಿದಳು. "ಎಲ್ಲಾ ಕಡಿ ಇಷ್ಟ ಚೆಂದ ಬೆಳದೈತಿ. ಅಲ್ಲೊಂದು ಕಡಿ ಮಾತ್ರ ಹುಲ್ಲೂ ಹುಟ್ಟಿಲ್ಲಲ್ಲವ್ವ, ಯಾಕ?"

ಗಂಗಾಂಬಿಕಾ ಗಂಡನ ಮುಖ ನೋಡಿ, ಸೆರಗು ಬಾಯಿಗಿಟ್ಟುಕೊಂಡು ಹೇಳಿದಳು:

"ಅದನ್ನ ನಮ್ಮನಿಯವರು ನೋಡ್ಕೋತಿದ್ರು ರೀ."