ಗೋಪಿನಾಥರ ವಂದನಾರ್ಪಣೆ

ಅಮೆರಿಕದ ಕಮ್ಮಿಂಗ್ ಪಟ್ಟಣದ ಆಚೆಗಿದ್ದ ಆ ಪುಟ್ಟ ಊರಿನಲ್ಲಿ ಹಾಲು ತರಲೂ ಕಾರೇ ಬೇಕು. ಅಂಥಲ್ಲಿ ಮಗಳನ್ನು ನಡೆಸಿಕೊಂಡೇ ಶಾಲೆಗೆ ಬಿಡುವ ಭಾಗ್ಯ ಗೋಪಿನಾಥರೊಬ್ಬರದು. ಪೈನ್ ಮರಗಳ ನಡುವೆ ಮಂಜು ಇನ್ನೂ ಆಕಳಿಸುತ್ತಿರುವಾಗ ಯಾಮಿನಿಯ ಬೆರಳು ಹಿಡಿದು ಹೊರಟರೆ, ಕಾಲು ನೆಲಕ್ಕೆ ತಾಗುತ್ತಿತ್ತೋ ಇಲ್ಲವೋ ಅವರಿಗೇ ತಿಳಿಯುತ್ತಿರಲಿಲ್ಲ. ಈ ನಡಿಗೆಯ ಆಸೆಗೇ ಅವರು ಶಾಲೆಗೆ ಹತ್ತಿರವೆಂದು ಸೋರುವ ಮನೆಯೊಂದನ್ನು ಕೊಂಡದ್ದು.

ಆವತ್ತು ಪಕ್ಕದ ಮನೆಯ ಶ್ರೀಲತಾ ದಾರಿಗೆ ಅಡ್ಡ ಬಂದರು.

"ಏನ್ರೀ, ಇನ್ನೂ ಕನಸಲ್ಲೇ ಇದೀರಾ? ಸಂಜೆ ಸ್ಕೂಲ್ ಬೋರ್ಡಿನವರು ಜನರ ಅಹವಾಲು ಕೇಳೋ ಹಿಯರಿಂಗ್ ಇದೆ. ನಮ್ಮ ಸ್ಕೂಲ್ ಡಿಸ್ಟ್ರಿಕ್ಟನ್ನ ಸುತ್ತಲಿನ ಕೌಂಟಿಗಳ ಜೊತೆ ಸೇರಿಸಿ ಒಂದೇ ದೊಡ್ಡದು ಮಾಡ್ತಾರಂತೆ. ಈ ಸ್ಕೂಲ್ ಕ್ಲೋಸ್. ಮಕ್ಕಳೆಲ್ಲ ಬಸ್ಸಲ್ಲಿ ಹೈವೇ ಆಚೆಗೆ!"

ಗೋಪಿನಾಥರ ಎದೆ ಬಾಣಲೆಯಿಂದಿಳಿದ ಪೂರಿಯಂತೆ ಉಸ್ಸೆಂದು ಕುಸಿಯಿತು. ನಕ್ಷೆಯ ಮೇಲೆ ಗೆರೆ ಎಳೆಯುವವರು ಎಂದಾದರೂ ಮಗುವಿನ ಹೆಜ್ಜೆ ಹಾಕಿ ನೋಡಿದ್ದಾರೆಯೇ?

"ನೀವೇ ಮಾತಾಡ್ಬೇಕು ಸಾರ್," ಎಂದರು ಎದುರುಮನೆಯ ದಾನಪ್ಪ, ಕಸದ ಡಬ್ಬಿ ಉರುಳಿಸುತ್ತ. "ಕನ್ನಡ ಕೂಟದಲ್ಲಿ ವರ್ಷಾ ವರ್ಷಾ ವಂದನಾರ್ಪಣೆ ನಿಮ್ದೇ. ಮೈಕ್ ಭಯ ಇಲ್ಲ. ನಮ್ಮೆಲ್ಲರ ಪರವಾಗಿ ಗುಡುಗಿಬಿಡಿ!"

ಸಂಜೆ ಸಭೆ ಕಿಕ್ಕಿರಿದಿತ್ತು. ಮಾತಿಗೆ ಮೂರೇ ನಿಮಿಷ. ಕೆಂಪು ದೀಪ ಹತ್ತಿದರೆ ಬಾಯಿ ಬಂದ್. ಮೊದಲು ಬಂದವರೆಲ್ಲ ಬೋರ್ಡಿನವರನ್ನು ಬೈದು ಇಳಿದರು. ಗೋಪಿನಾಥರ ಕೈ ಮೈಕಿಗೆ ತಾಗಿದ್ದೇ ತಡ, ಒಳಗೆ ಮಲಗಿದ್ದ ಕನ್ನಡ ಕೂಟ ಎದ್ದು ಕೂತಿತು. ಇಂಗ್ಲಿಷಿನಲ್ಲೇ ಬೋರ್ಡಿನ ಅಧ್ಯಕ್ಷೆಗೆ ವಂದಿಸಿದರು. ಸದಸ್ಯರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ನೆನೆದರು. ಕುರ್ಚಿ ಹಾಕಿದವರು, ಕಾಫಿ ಕಾಸಿದವರು, ಪಾರ್ಕಿಂಗ್ ತೋರಿಸಿದವರು, ಕೊನೆಗೆ ಮಳೆ ಸುರಿಸದೆ ಸಹಕರಿಸಿದ ಮೋಡವನ್ನೂ ಬಿಡಲಿಲ್ಲ. ಇನ್ನು ವಿಷಯಕ್ಕೆ ಬರೋಣವೆಂದು ಬಾಯಿ ತೆರೆದರೆ, ಕೆಂಪು ದೀಪ!

ಅಧ್ಯಕ್ಷೆ ಕಣ್ಣೊರೆಸಿಕೊಂಡರು. ತಮಗೆ ಥ್ಯಾಂಕ್ಸ್ ಹೇಳಿದ ಮೊದಲ ಪೇರೆಂಟ್ ಇವರೇ ಎಂದರು. ಅನುಮಾನಿಸುತ್ತಿದ್ದ ಇಬ್ಬರು ಸದಸ್ಯರೂ ಕರಗಿ ವಿಲೀನದ ಪರ ಕೈ ಎತ್ತಿ ಅದನ್ನು ಪಾಸು ಮಾಡಿಬಿಟ್ಟರು.

"ಅಪ್ಪಾ, ಯು ಫರ್ಗಾಟ್ ಟು ಸೇ ನೋ," ಎಂದಳು ಯಾಮಿನಿ.

"ಹೊರಗೆ ಬನ್ನಿ ಸಾರ್," ದಾನಪ್ಪ ಹಲ್ಲು ಕಡಿದರು, "ನಿಮಗೆ ನಾನು ಮಾಡ್ತೀನಿ ವಂದನಾರ್ಪಣೆ."

ಅಧ್ಯಕ್ಷೆ ಮಾತ್ರ ಉಪಕಾರ ಮರೆಯುವವರಲ್ಲ. "ಮಿಸ್ಟರ್ ಗೋಪಿ, ನಿಮ್ಮ ಶಾಲೆಯ ಕಟ್ಟಡ ಕೆಡವುವುದಿಲ್ಲ," ಎಂದರು. ಗೋಪಿನಾಥರ ಮುಖ ಅರಳಿತು. "ಇನ್ನು ಮುಂದೆ ಅದು ದೊಡ್ಡ ಡಿಸ್ಟ್ರಿಕ್ಟಿನ ಹೆಡ್ ಆಫೀಸ್. ದಿನಾ ಬೆಳಿಗ್ಗೆ ಅಲ್ಲಿ ಬಂದವರನ್ನು ಸ್ವಾಗತಿಸುವ ಕಮಿಟಿಗೆ ನೀವೇ ಚೇರ್ಮನ್!" ಇಲ್ಲ ಎನ್ನುವ ಅಭ್ಯಾಸ ಗೋಪಿನಾಥರ ನಾಲಿಗೆಗೆ ಇರಲೇ ಇಲ್ಲ.

ಈಗಲೂ ಅದೇ ಮಂಜು, ಅದೇ ಪೈನ್ ಮರ, ಅದೇ ದಾರಿ. ಗೋಪಿನಾಥರು ನಡೆದೇ ಹೋಗುತ್ತಾರೆ, ಒಬ್ಬರೇ. ಹೈವೇ ಕಡೆಗೆ ತೇಲಿ ಹೋಗುವ ಹಳದಿ ಬಸ್ಸಿನ ಕಿಟಕಿಯಲ್ಲಿ ಪುಟ್ಟ ಕೈಯೊಂದು ಬೀಸುತ್ತದೆ. ಡ್ರೈವರ್ ಅಲ್ಲಿ ಒಂದಿಷ್ಟು ನಿಧಾನಿಸುತ್ತಾನೆ. ಗೋಪಿನಾಥರು ಅಭ್ಯಾಸಬಲದಿಂದ ಅವನಿಗೂ ಕೈ ಮುಗಿಯುತ್ತಾರೆ.