ವಿಮಾನಕ್ಕೆ ನಿಲ್ಲುವುದನ್ನು ಕಲಿಸಿದ್ದು

ಮೂಡಲಗಿಯಲ್ಲಿ ಟ್ರ್ಯಾಕ್ಟರ್ ಗ್ಯಾರೇಜು ಇಟ್ಟವನಿಗೆ ದಿನಕ್ಕೊಂದು ತಮಾಷೆ ತಪ್ಪಿದ್ದಲ್ಲ. ಆದರೆ ಒಂದು ವಿಮಾನದ ಬ್ರೇಕು ನನ್ನನ್ನು ಕುಣಿಸಿದಷ್ಟು ಯಾವ ಟ್ರ್ಯಾಕ್ಟರೂ ಕುಣಿಸಿಲ್ಲ.

ಗೋಕಾಕದ ನಿವೃತ್ತ ವಿಜ್ಞಾನದ ಮಾಸ್ತರೊಬ್ಬರು ತಮ್ಮ ಹೊಲದ ಶೆಡ್ಡಿನಲ್ಲಿ ಎರಡು ಸೀಟಿನ ವಿಮಾನ ಕಟ್ಟಿದ್ದರು. ಹಾರಿಸಲು ಸರಕಾರದ ಪರವಾನಗಿ ಬರಬೇಕಿತ್ತು. ಅದಕ್ಕಿಂತ ಮೊದಲು ಮನೆಯ ಪರವಾನಗಿ. ಅವರ ಹೆಂಡತಿ, ನಾವೆಲ್ಲ ಅಕ್ಕಾರು ಅನ್ನುವವರು, ಕಡ್ಡಿ ಮುರಿದಂತೆ ಹೇಳಿದ್ದರು: “ಮದಲ ನಾ ಹೇಳಿದಲ್ಲಿ ನಿಲ್ಲಿಸಿ ತೋರಸ್ರಿ. ಆಮ್ಯಾಲ ಬಾಜೂ ಸೀಟಿನಾಗ ಕುಂಡ್ರತೇನಿ.” ಆ ಸೀಟು ಖಾಲಿ ಬಿಟ್ಟು ಹಾರುವ ಮನಸ್ಸು ಮಾಸ್ತರಿಗಿರಲಿಲ್ಲ.

ಬ್ರೇಕಿನ ಕೆಲಸಕ್ಕೆ ನನ್ನನ್ನು ಕರೆಸಿದರು. ಹೊಸ ಬ್ರೇಕನ್ನು ಹದಕ್ಕೆ ತರಬೇಕು. ಅರ್ಧ ಒತ್ತಿ ಹಿಡಿದೇ ನೆಲದ ಮೇಲೆ ಓಡಿಸಿ, ಬ್ರೇಕು ಕಚ್ಚಿ ಹಿಡಿಯುವ ಗಾಲಿಯ ಡಿಸ್ಕು ಚೆನ್ನಾಗಿ ಕಾಯಿಸಿ, ಆಮೇಲೆ ಯಾರೂ ಮುಟ್ಟದೆ ತಾನಾಗಿ ಆರಲು ಬಿಡಬೇಕು. ಇಷ್ಟೇ ಕೆಲಸ. ಅಂದುಕೊಂಡಿದ್ದೆ.

೧. ಕೀಲೆಣ್ಣೆ

ಮೊದಲ ದಿನ ಮಾಸ್ತರು ಬ್ರೇಕು ಒತ್ತಿದರು, ವಿಮಾನ ಕೇಳಲಿಲ್ಲ. ಸೀದಾ ಹೋಗಿ ಕಬ್ಬಿನ ಹೊಲದ ಬದುವಿಗೆ ಮುಟ್ಟಿ ನಿಂತಿತು. ಓಡಿಹೋಗಿ ನೋಡಿದರೆ ಡಿಸ್ಕಿನ ತುಂಬ ಎಣ್ಣೆ! ಅಕ್ಕಾರ ತಮ್ಮ, ಹುಕ್ಕೇರಿ ಕಡೆಯ ರೈತ, ಎದೆಯುಬ್ಬಿಸಿ ನಿಂತಿದ್ದ.

“ಗಾಲಿ ಕಿರ್ ಅನ್ನಾಕತ್ತಿತ್ರಿ. ಬಂಡಿಗೆ ಹಾಕೂ ಕೀಲೆಣ್ಣಿ ಹಾಕೀನಿ. ಹೆಂಗ ಓಡಿತು ನೋಡಿದ್ರಿಲ್ಲೋ!”

ಮಾಸ್ತರು ಕೆಳಗಿಳಿದರು. “ಓಡೂದ ನೋಡಿದೆಪಾ. ನಿಲ್ಲಸೂ ಎಣ್ಣಿ ಇದ್ರ ಅದನ್ನೂ ತಂದಬಿಡು.”

೨. ಕುರಿ ಕಾಕಾ ಕೇಳಿದ್ದು

ಹೊಸ ಪ್ಯಾಡು ಹಾಕಿ ಮತ್ತೆ ಸುರು ಮಾಡಿದೆವು. ನಾಲ್ಕು ಸಲ ಓಡುವಷ್ಟರಲ್ಲಿ ಅಡ್ಡ ಕುರಿಗಳು ಬಂದವು. ಕುರಿ ಕಾಯುವ ಹಿರಿಯರು ಕೋಲಿನ ಮೇಲೆ ಗದ್ದ ಊರಿ ಬೆಳಗಿನಿಂದ ನೋಡುತ್ತಲೇ ಇದ್ದರು.

“ಯಾಕ್ರಿ, ಮ್ಯಾಲ ಏಳವಲ್ದೇನು?”

“ಏಳೂದಲ್ಲ ಕಾಕಾ, ನಿಲ್ಲೂದು ಕಲಸಾಕತ್ತೇವಿ” ಅಂದೆ ನಾನು.

“ಮುಂಜಾನಿ ಶೆಡ್ಡಿನಾಗ ನಿಂತೇ ಇತ್ತಲ್ರೀ! ಕಲತದ್ದನ್ನ ಕೆಡಿಸಿ ಮತ್ತ ಕಲಸ್ತೀರೇನು?”

ಜೀವಮಾನವಿಡೀ ಪಾಠ ಹೇಳಿದ ಮಾಸ್ತರು ವಿಮಾನ ತಿರುಗಿಸಿ ಸೀದಾ ಶೆಡ್ಡಿನ ಹಾದಿ ಹಿಡಿದರು.

೩. ಅಕ್ಕಾರ ಪರೀಕ್ಷೆ

ಕೊನೆಗೂ ಅಕ್ಕಾರು ಬಂದರು. ನೆಲಕ್ಕೆ ಸುಣ್ಣದ ಗೆರೆ ಎಳೆಸಿ, ದೂರಕ್ಕೆ ಸರಿದು, ನೀರು ತುಂಬಿದ ಕೊಡ ಹಿಡಿದು ನಿಂತರು. ಕುಡಿಯಲಿಕ್ಕಿರಬೇಕು ಅಂದುಕೊಂಡೆ. ಮಾಸ್ತರ ಮುಖ ನೋಡಿ ನನಗೇ ಪಾಪ ಅನ್ನಿಸಿತು; ಹಣೆಯ ಮೇಲೆಲ್ಲ ಬೆವರು.

ಬ್ರೇಕು ಕಾಯಿಸುತ್ತಲೇ ಬಂದರು, ಒತ್ತಿದರು. ಗೆರೆಗೆ ಗೇಣು ಮೊದಲೇ ವಿಮಾನ ಗಪ್ಪನೆ ನಿಂತಿತು! ಸಂತೋಷಕ್ಕೆ ನನ್ನ ಕಣ್ಣು ತುಂಬಿತು. ಮಾಸ್ತರು ಎಂಜಿನ್ ಬಂದ್ ಮಾಡಿ ಕೈ ಎತ್ತುವಷ್ಟರಲ್ಲಿ ಅಕ್ಕಾರು ಸರಸರ ಬಂದು ಎರಡೂ ಗಾಲಿಗೆ ಕೊಡ ಬಗ್ಗಿಸಿಯೇ ಬಿಟ್ಟರು. ಚುಂಯ್ ಎಂದು ಹಬೆ ಎದ್ದಿತು. ಕಾದು ಸುಡುತ್ತಿದ್ದ ಡಿಸ್ಕುಗಳು ಸೊಟ್ಟಗಾದವು.

“ಅಕ್ಕಾರ, ಏನ್ ಮಾಡಿದ್ರಿ! ಇನ್ನ ಹೊಸಾ ಡಿಸ್ಕು ತಂದು ಮತ್ತ ಮೊದಲಿಂದ ಕಾಯಸ್ಬೇಕು!” ನಾನು ತಲೆಯ ಮೇಲೆ ಕೈ ಹೊತ್ತೆ.

ಅಕ್ಕಾರು ಖಾಲಿ ಕೊಡ ನನ್ನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿ, ಬಾಜೂ ಸೀಟು ಹತ್ತಿ ಕೂತರು.

“ಬಂದವರ ಕಾಲಿಗೆ ನೀರ ಕೊಡಬ್ಯಾಡೇನು? ಲಗ್ನಾಗಿ ನಲವತ್ತ ವರ್ಷಾತು. ನಾ ನಿಲ್ರಿ ಅಂದಲ್ಲಿ ಇವರು ನಿಂತದ್ದು ಇವತ್ತ ಮದಲು!”